ರಾಗ ಎತ್ತುವವರು ಯಾರು?

ನನಗೂ ನನ್ನ ಹಾಸ್ಟೆಲ್ ಗೆಳೆಯನಿಗೂ ಹತ್ತಿರ ಹತ್ತಿರ ಇಪ್ಪತ್ತು ವರ್ಷದಿಂದ ಒಂದು ಜಗಳ ನಡೆಯುತ್ತಿದೆ. ದುಡ್ಡಿನದಲ್ಲ, ರಾಜಕೀಯದ್ದಲ್ಲ. ಇನ್ ಫ್ಲೇಮ್ಸ್ ಎಂಬ ಸ್ವೀಡನ್ನಿನ ಮೆಟಲ್ (ಅಬ್ಬರದ ಗಿಟಾರಿನ ರಾಕ್ ಸಂಗೀತ) ಬ್ಯಾಂಡು ಯಾವ ವರ್ಷ ಕೆಟ್ಟಿತು ಎಂಬುದು ಜಗಳ. ನಾನು 2002 ಅನ್ನುತ್ತೇನೆ. ಅವನು ಕೆಡಲೇ ಇಲ್ಲ ಅನ್ನುತ್ತಾನೆ. ತುಂಬಾ ಒತ್ತಿದರೆ, 'ಸರಿ, 2016ರದ್ದು ಸ್ವಲ್ಪ ಹಂಗಿಂಗೆ' ಎಂದು ಬಾಯಿಬಿಡುತ್ತಾನೆ. ಈ ನಡುವೆ ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದರು, ಭುಜದವರೆಗೆ ಬಿಟ್ಟಿದ್ದ ನನ್ನ ಕೂದಲು ಈಗ ನೆತ್ತಿಯ ಮೇಲೂ ಇಲ್ಲ. ಜಗಳ ಮಾತ್ರ ಕೂದಲೂ ಕೊಂಕದೆ ಉಳಿದಿದೆ.

ಅವನ ಹೆಸರು ಇಲ್ಲಿ ಬೇಡ. ದಾವಣಗೆರೆಯವನು ಅಂತಲೇ ಕರೆಯುತ್ತೇನೆ, ಹಾಸ್ಟೆಲ್ಲಿನಲ್ಲೂ ಹಾಗೇ ಕರೆಯುತ್ತಿದ್ದೆವು. ತಮಾಷೆ ಏನೆಂದರೆ ಅವನಿಗೆ ಈಗ ಕೆಲಸ ಇರುವುದು ಗೋಥೆನ್‌ಬರ್ಗಿನಲ್ಲಿ. ಆ ಬ್ಯಾಂಡಿನ ಊರಿನಲ್ಲೇ! ನಮ್ಮ ಕಡೆಯವರಿಗೆ ಆ ಊರು ಹೆಸರಿನಿಂದ ಗೊತ್ತಿಲ್ಲದಿದ್ದರೂ ಬಸ್ಸಿನಿಂದ ಗೊತ್ತು. ವೋಲ್ವೊ ಕಂಪನಿಯ ತವರು ಅದು. ಹೊಸಕೋಟೆಯಲ್ಲಿ ಅವರ ಲಾರಿ ಕಾರ್ಖಾನೆ, ಕೆಎಸ್ಸಾರ್ಟಿಸಿಯಲ್ಲಿ ಅವರ ಐರಾವತ. ಬೆಂಗಳೂರಿನಿಂದ ಕುಂದಾಪುರಕ್ಕೆ ರಾತ್ರಿ ಐರಾವತದಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಶಿರಾಡಿ ಘಾಟಿ ಇಳಿಯುವಾಗ, ಬಸ್ಸೂ ಹಾಡೂ ಒಂದೇ ಊರಿನವು ಎಂದು ನನಗೆ ಎಷ್ಟೋ ದಿನ ಹೊಳೆದೇ ಇರಲಿಲ್ಲ.

ಈಚೆಗೆ ನನಗೊಂದು ಅನುಮಾನ ಶುರುವಾಗಿದೆ. ಇಷ್ಟು ವರ್ಷ ಗಂಟಲು ಹರಿದುಕೊಂಡು ವಾದ ಮಾಡಿದೆನಲ್ಲ, ಆ 2002 ಎಂಬ ಇಸವಿ ನನಗೆ ಸಿಕ್ಕಿದ್ದು ಎಲ್ಲಿಂದ? ನನ್ನ ಕಿವಿಯಿಂದಲಾ, ಬೇರೆ ಯಾರದೋ ಬಾಯಿಂದಲಾ? ಇದನ್ನು ಯೋಚಿಸುತ್ತಾ ಹೋದರೆ ಒಂದು ಸಿ.ಡಿ. ನೆನಪಾಗುತ್ತದೆ.

ಅಕ್ಷರಮಾಲೆಯ ಇತಿಹಾಸ

2003. ಮೈಸೂರಿನಲ್ಲಿ ಎಂಜಿನಿಯರಿಂಗ್ ಸೇರಿದ ಹೊಸತು. ರೂಮಿನಲ್ಲಿ ಮೂರು ಜನ, ಒಂದು ಕಂಪ್ಯೂಟರು. ಫ್ಯಾನು ಹಾಕಿದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬರುತ್ತಿತ್ತು, ಅದಕ್ಕೆ ಹಾಡು ಕೇಳುವಾಗ ಫ್ಯಾನು ಆರಿಸಿ ಬೆವರುತ್ತಾ ಕೂರುತ್ತಿದ್ದೆವು. ಸೀನಿಯರ್ ಒಬ್ಬರು ಒಂದು ಸಿ.ಡಿ. ಕೊಟ್ಟಿದ್ದರು. ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಮೆಟಲ್ 3' ಎಂದಷ್ಟೇ ಬರೆದಿತ್ತು. ಒಳಗೆ ಇನ್ ಫ್ಲೇಮ್ಸ್‌ನ ಐದು ಆಲ್ಬಮ್ಮು. ಫೋಲ್ಡರುಗಳಿಗೆ ಹೆಸರಿತ್ತು, ಇಸವಿ ಇರಲಿಲ್ಲ. ನಾನು ಐದನ್ನೂ ಒಟ್ಟಿಗೆ ವಿನಾಂಪ್ ಎಂಬ ಹಾಡು ಹಾಕುವ ಸಾಫ್ಟ್‌ವೇರಿಗೆ ಎಳೆದು ಹಾಕಿದೆ. ಅದು ತನ್ನ ಪಾಡಿಗೆ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿಕೊಂಡು ಹಾಡಿಸಿತು.

ಹಾಗಾಗಿ ನಾನು ಕೇಳಿದ ಕ್ರಮ ಹೀಗಿತ್ತು: ಮೊದಲು 'ಕ್ಲೇಮನ್', ಅದು 2000ದ್ದು. ಆಮೇಲೆ 1999ರ 'ಕಾಲನಿ'. ಅದಾದ ಮೇಲೆ 2002ರ 'ರೀರೂಟ್ ಟು ರಿಮೇನ್'. ಅಲ್ಲಿಂದ ಹಿಂದಕ್ಕೆ ನೆಗೆದು 1996ರ 'ದ ಜೆಸ್ಟರ್ ರೇಸ್'. ಕೊನೆಗೆ 1997ರ 'ಹೋರಕಲ್'. ಸ್ವೀಡನ್ನಿನ ಹುಡುಗನೊಬ್ಬ ಆರು ವರ್ಷ ಕಾದು ಕಾದು, ಒಂದೊಂದಾಗಿ ಕೊಂಡು, ಬೆಳೆಯುತ್ತಾ ಕೇಳಿದ್ದನ್ನು ನಾನು ಒಂದೇ ಸಂಜೆಯಲ್ಲಿ ಹಿಂದುಮುಂದಾಗಿ ಕೇಳಿ ಮುಗಿಸಿದ್ದೆ. ಅವನಿಗೆ ಅದು ಬದಲಾವಣೆ. ನನಗೆ ಅದು ಬರೀ ಒಂದು ಸಿ.ಡಿ.

ಈಗ ಒಂದು ತಪ್ಪೊಪ್ಪಿಗೆ. ಆ ಸಂಜೆ ನನಗೆ 'ರೀರೂಟ್' ಕೆಟ್ಟದಾಗಿದೆ ಅಂತ ಅನಿಸಲೇ ಇಲ್ಲ. ಅದರಲ್ಲಿನ ಎರಡು ಹಾಡು ಚೆನ್ನಾಗಿವೆ ಅಂತ ಮತ್ತೆ ಮತ್ತೆ ಹಾಕಿ ಕೇಳಿದ್ದೂ ಉಂಟು. ಮೂರು ದಿನ ಬಿಟ್ಟು ಸಿ.ಡಿ. ವಾಪಸ್ ಕೊಡಲು ಹೋದಾಗ, ಅದೇ ಹಾಡಿನ ಹೆಸರು ಹೇಳಿದೆ. ಸೀನಿಯರ್ ಮುಖ ಹುಳಿ ಹುಣಸೆ ತಿಂದಂತೆ ಆಯಿತು. 'ಅದಾ? ಅದು ಸೆಲ್‌ಔಟ್ ಆಲ್ಬಮ್ ಕಣೋ. ಅಮೆರಿಕದ ಮಾರ್ಕೆಟ್ಟಿಗೆ ಮಾಡಿದ್ದು. ಕ್ಲೇಮನ್‌ಗೇ ಅವರ ಕತೆ ಮುಗೀತು' ಎಂದರು. ನಾನು ತಲೆಯಾಡಿಸಿದೆ. ರೂಮಿಗೆ ಬಂದು ಆ ಎರಡು ಹಾಡನ್ನು ಡಿಲೀಟ್ ಮಾಡಿದೆ. ಅವತ್ತಿನಿಂದ ನನ್ನ ಇಸವಿ 2002.

ಎರಡು ವರ್ಷದ ನಂತರ ದಾವಣಗೆರೆಯವನು ಜೂನಿಯರ್ ಆಗಿ ಬಂದ. ಅವನು ಮೊದಲು ಕೇಳಿದ್ದು 2006ರ 'ಕಮ್ ಕ್ಲಾರಿಟಿ'. ಅವನಿಗೆ ಅದೇ ಇನ್ ಫ್ಲೇಮ್ಸ್. ನಾನು ಸೀನಿಯರ್ ಗತ್ತಿನಲ್ಲಿ ಅದೇ ಹುಣಸೆಹಣ್ಣಿನ ಮುಖ ಮಾಡಿ ಅವನಿಗೆ ಇತಿಹಾಸ ಪಾಠ ಹೇಳಲು ಹೋದೆ. ಅವನು ಒಂದು ಪ್ರಶ್ನೆ ಕೇಳಿದ. 'ಹೋರಕಲ್‌ನಾಗೆ ಡಿಪೇಶ್ ಮೋಡ್ ಹಾಡು ಐತಲ್ಲ, ಅದು ಯಾವ ಮಾರ್ಕೆಟ್ಟಿಗೆ ಮಾಡಿದ್ದಣ್ಣ?'

ನನಗೆ ಆಗ ಉತ್ತರ ಹೊಳೆಯಲಿಲ್ಲ. ಅವನು ಹೇಳಿದ್ದು ನಿಜ. 1997ರಲ್ಲೇ, ನಾವೆಲ್ಲ ಶುದ್ಧ ಅಂತ ಕೈಮುಗಿಯುವ ಆ ಕಾಲದಲ್ಲೇ, ಇವರು ಇಂಗ್ಲೆಂಡಿನ ಸಿಂಥ್-ಪಾಪ್ (ಎಲೆಕ್ಟ್ರಾನಿಕ್ ಕೀಬೋರ್ಡಿನ ಪಾಪ್) ಬ್ಯಾಂಡಿನ ಹಾಡೊಂದನ್ನು ಎತ್ತಿಕೊಂಡು ಆಲ್ಬಮ್ಮಿಗೆ ಸೇರಿಸಿದ್ದರು. ಮುಂದೆ 2014ರ 'ಸೈರನ್ ಚಾರ್ಮ್ಸ್' ಆಲ್ಬಮ್ಮನ್ನು ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. 80ರ ದಶಕದಲ್ಲಿ ಡಿಪೇಶ್ ಮೋಡ್ ಕೆಲಸ ಮಾಡಿದ ಜಾಗವೇ ಅದು. ಅಂದರೆ ಎಲೆಕ್ಟ್ರಾನಿಕ್ ಹುಚ್ಚು ಇವರಿಗೆ ಅಮೆರಿಕಕ್ಕೆ ಹೋಗಿ ಅಂಟಿಕೊಂಡದ್ದಲ್ಲ, ಮೊದಲಿಂದ ಮನೆಯಲ್ಲೇ ಇತ್ತು. ಇನ್ನು ಅಮೆರಿಕದ ವಿಷಯಕ್ಕೆ ಬಂದರೆ, 2000ದ ಆಚೀಚೆ ಅಲ್ಲಿ ಎದ್ದ ಮೆಟಲ್‌ಕೋರ್ (ಮೆಟಲ್ಲಿಗೆ ಹಾರ್ಡ್‌ಕೋರ್ ಪಂಕ್ ಬೆರೆಸಿದ್ದು) ಬ್ಯಾಂಡುಗಳು ಅರ್ಧಕ್ಕರ್ಧ ಗೋಥೆನ್‌ಬರ್ಗಿನ ಗಿಟಾರು ಕೇಳಿಯೇ ಕಲಿತವು. ಇವರು ಅವರ ಕಡೆ ನಡೆದರು, ಅವರು ಇವರ ಕಡೆ ನಡೆದರು, ನಡುದಾರಿಯಲ್ಲಿ ಭೇಟಿಯಾದರು. ಇದನ್ನೆಲ್ಲ ಕಾಸಿನಾಸೆ ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಸೋಮಾರಿತನ. ನಾನು ಆ ಸೋಮಾರಿತನವನ್ನು ಬಹಳ ವರ್ಷ ಮಾಡಿದೆ.

ಮಾವನ ಜಗಲಿಯಲ್ಲಿ

ಇದಕ್ಕೂ ಮುಂಚಿನದ್ದು, ಮೊದಲ ಸೆಮಿಸ್ಟರ್ ರಜೆಯ ಮಾತು. ಕುಂದಾಪುರದ ಹತ್ತಿರ ಅಜ್ಜನ ಮನೆ. ಅಲ್ಲಿ ಇಬ್ಬರು ಸೋದರಮಾವಂದಿರು, ಇಬ್ಬರಿಗೂ ಯಕ್ಷಗಾನದ ಹುಚ್ಚು. ದೊಡ್ಡಮಾವ ಮಾರ್ವಿ ನಾರಣಪ್ಪ ಉಪ್ಪೂರರ ಭಾಗವತಿಕೆ ಕೇಳಿ ಬೆಳೆದವರು. ಚಿಕ್ಕಮಾವ ಗುಂಡ್ಮಿ ಕಾಳಿಂಗ ನಾವಡರ ಅಭಿಮಾನಿ. ನಾವಡರು ಉಪ್ಪೂರರ ಶಿಷ್ಯರೇ, ಆದರೆ ದೊಡ್ಡಮಾವನಿಗೆ ಅವರ ಪದ್ಯ ಅಷ್ಟಕ್ಕಷ್ಟೆ. ಹೊಸ ರಾಗ ತಂದರು, ಎಳೆದರು, ಹುಡುಗರ ಶಿಳ್ಳೆಗೆ ಹಾಡಿದರು ಎಂದು ಆಕ್ಷೇಪ. 1990ರಲ್ಲಿ ನಾವಡರು ಮೂವತ್ತರ ಆಸುಪಾಸಿನಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡ ದಿನ ಚಿಕ್ಕಮಾವ ಊಟ ಮಾಡಲಿಲ್ಲವಂತೆ. ದೊಡ್ಡಮಾವನೂ ಊಟ ಮಾಡಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಆಕ್ಷೇಪ ಬೇರೆ, ಅದು ಬೇರೆ.

ಚಿಕ್ಕಮಾವನ ಮನೆಯಲ್ಲಿ ಎಂಪಿ3 ಓದುವ ಹೊಸ ಡಿವಿಡಿ ಪ್ಲೇಯರು ಬಂದಿತ್ತು. ಆ 'ಮೆಟಲ್ 3'ಯ ಕಾಪಿ ಹಾಕಿದೆ. ಹೊರಗೆ ಜಗಲಿಯಲ್ಲಿ ಮಾವ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. 'ಜೆಸ್ಟರ್ ರೇಸ್' ಶುರುವಾಗುವುದು ಅಕೌಸ್ಟಿಕ್ ಗಿಟಾರಿನಿಂದ. ಮಾವ ಸುಣ್ಣದ ಬೆರಳು ಹಾಗೇ ಹಿಡಿದುಕೊಂಡು ಕೇಳಿದರು. ಆಮೇಲೆ ಎರಡು ಎಲೆಕ್ಟ್ರಿಕ್ ಗಿಟಾರುಗಳು ಒಂದರ ಹೆಗಲ ಮೇಲೆ ಒಂದು ಕೈಹಾಕಿಕೊಂಡ ಹಾಗೆ ಒಂದೇ ಧಾಟಿ ಹಿಡಿದು ಹೊರಟವು. ಮಾವನ ಕಾಲು ತಾಳ ಹಾಕಲು ಶುರುಮಾಡಿತು. ಆಮೇಲೆ ಹಾಡುಗಾರ ಆಂಡರ್ಸ್ ಫ್ರಿದೆನ್‌ನ ದನಿ ಬಂತು. ಕಾಲು ನಿಂತಿತು.

'ಇದೆಂತ ಮಾಣಿ, ಹೊಟ್ಟಿನೋವಾ ಅವ್ನಿಗೆ?'

ನಾನು ನಕ್ಕೆ. ಅವರು ನಗಲಿಲ್ಲ. ಎಲೆ ಮಡಚಿ ಬಾಯಿಗಿಟ್ಟು, ಇನ್ನೊಂದು ಹಾಡು ಮುಗಿಯುವ ತನಕ ಸುಮ್ಮನೆ ಕೇಳಿದರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಹಾಗೇ ನೆನಪಿದೆ. 'ಇದ್ರಗೆ ಪದ್ಯ ಹೇಳೂದ್ ಯಾರ್? ಆ ತಂತಿಯವ್ನಾ?' ಹೌದು ಎಂದೋ ಅಲ್ಲ ಎಂದೋ ನಾನು ಏನೋ ಗೊಣಗಿದೆ. 'ಆ ಕೂಗುವವ್ನನ್ನ ಬಿಟ್ರೆ ಪದ್ಯ ಲಾಯ್ಕಿತ್ತ್' ಎಂದು ತೀರ್ಪು ಕೊಟ್ಟು ತೋಟದ ಕಡೆ ಹೋದರು.

ಮೆಟಲ್ ಎಂಬ ಶಬ್ದವೇ ಗೊತ್ತಿಲ್ಲದ ಮನುಷ್ಯ ಹತ್ತು ನಿಮಿಷದಲ್ಲಿ ಹೇಳಿದ್ದು ನನಗೆ ಅರ್ಥವಾಗಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು.

ಅವರು ಹೇಳಿದ್ದು ಇಷ್ಟು. ಯಕ್ಷಗಾನದಲ್ಲಿ ಪದ್ಯ ಭಾಗವತರದ್ದು, ಎತ್ತುಗಡೆ, ಅಂದರೆ ರಾಗ ಎತ್ತಿಕೊಡುವುದು, ಅವರದ್ದೇ. ಚಂಡೆ ಮದ್ದಳೆ ಅದಕ್ಕೆ ಪೆಟ್ಟು ಕೊಡುತ್ತವೆ. ಹಳೆಯ ಇನ್ ಫ್ಲೇಮ್ಸ್‌ನಲ್ಲಿ ಭಾಗವತ ಯಾರೆಂದರೆ ಗಿಟಾರು. ಯೆಸ್ಪರ್ ಸ್ಟ್ರೋಂಬ್ಲಾಡ್ 1990ರಲ್ಲಿ ಈ ಬ್ಯಾಂಡು ಕಟ್ಟಿದ್ದೇ ಆ ಲೆಕ್ಕದಲ್ಲಿ. ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡಿನ ಥರದ ಜೋಡಿ ಗಿಟಾರಿನ ಧಾಟಿ, ಸ್ವೀಡನ್ನಿನ ಜಾನಪದ ಹಾಡುಗಳ ವಾಸನೆ, ಕೆಳಗೆ ಡೆತ್ ಮೆಟಲ್ಲಿನ ಪೆಟ್ಟು. 1994ರ ಮೊದಲ ಆಲ್ಬಮ್ಮಿನಲ್ಲಿ ನೇರವಾಗಿ ಒಂದು ಸ್ವೀಡಿಷ್ ಜನಪದ ಧಾಟಿಯನ್ನೇ ನುಡಿಸಿದ್ದಾರೆ. ಹಾಡುಗಾರನ ಗ್ರೌಲ್, ಅಂದರೆ ಆ ಗುರ್ರೆನ್ನುವ ಕೂಗು, ಮಾಡುತ್ತಿದ್ದದ್ದು ಚಂಡೆಯ ಕೆಲಸ. ಅದಕ್ಕೆ ರಾಗವಿಲ್ಲ, ಅಬ್ಬರವಿದೆ. ಹಾಗಾಗಿ ಗ್ರೌಲ್ ಇಷ್ಟವಿಲ್ಲದ ನನ್ನಂಥವನೂ ಗಿಟಾರಿನ ಬಾಲ ಹಿಡಿದುಕೊಂಡು ಹಾಡು ದಾಟುತ್ತಿದ್ದೆ.

2002ರಲ್ಲಿ ಆದದ್ದು ಈ ಅದಲುಬದಲು. ಅಲ್ಲಿಯವರೆಗೆ ಗೋಥೆನ್‌ಬರ್ಗಿನ ಸ್ಟುಡಿಯೋ ಫ್ರೆಡ್‌ಮನ್‌ನಲ್ಲಿ ಫ್ರೆಡ್ರಿಕ್ ನೋರ್ಡ್‌ಸ್ಟ್ರೋಮ್ ಜೊತೆ ರೆಕಾರ್ಡ್ ಮಾಡುತ್ತಿದ್ದವರು ಬೇರೆ ಸ್ಟುಡಿಯೋ, ಬೇರೆ ಪ್ರೊಡ್ಯೂಸರ್ ಹಿಡಿದರು. ಫ್ರಿದೆನ್ ಹಾಡಲು ಶುರುಮಾಡಿದ. ಪಲ್ಲವಿ ಬಂದಾಗ ರಾಗ ಅವನ ಗಂಟಲಿಗೆ ಹೋಯಿತು, ಗಿಟಾರುಗಳು ಹಿಂದೆ ಸರಿದು ಗೋಡೆಯ ಹಾಗೆ ನಿಂತವು, ಸಂದುಗೊಂದಿಗೆ ಕೀಬೋರ್ಡು ಬಂತು. ಇದನ್ನು ನಾವು 'ಸಾಫ್ಟ್ ಆದರು' ಅಂತ ಬೈದೆವು. ಆದರೆ ಸದ್ದಿನ ತೂಕ ಕಮ್ಮಿಯಾಗಿರಲಿಲ್ಲ. ಕೆಲವು ಹಾಡು ಹಳೆಯವಕ್ಕಿಂತ ಜಾಸ್ತಿಯೇ ಭಾರ ಇವೆ. ಭಾಗವತರ ತಾಳ ಇನ್ನೊಬ್ಬರ ಕೈಗೆ ಹೋಗಿತ್ತು, ಅಷ್ಟೇ. ಅಷ್ಟೇ ಅಂದರೆ ಕಮ್ಮಿ ವಿಷಯವಲ್ಲ.

ಅರಮನೆ ಮೈದಾನದ ಧೂಳು

2007ರ ಮಾರ್ಚ್ 17. ಐರನ್ ಮೇಡನ್ ಮೊದಲ ಸಲ ಭಾರತಕ್ಕೆ ಬಂದ ದಿನ, ಬೆಂಗಳೂರಿನ ಅರಮನೆ ಮೈದಾನ. ಅವತ್ತಿನ ಬಗ್ಗೆ ಬೇಕಾದಷ್ಟು ಜನ ಬೇಕಾದಷ್ಟು ಬರೆದಿದ್ದಾರೆ, ನಾನು ಮತ್ತೆ ಆರತಿ ಎತ್ತುವುದಿಲ್ಲ. ನನಗೆ ನೆನಪಿರುವುದು ಗೇಟಿನ ಹೊರಗಿನ ಕ್ಯೂ. ಬೆಳಗಿನ ರೈಲಿಗೆ ಮೈಸೂರಿನಿಂದ ಬಂದು, ಮಧ್ಯಾಹ್ನದ ಬಿಸಿಲಿನಲ್ಲಿ ನಾನೂ ದಾವಣಗೆರೆಯವನೂ ನಿಂತಿದ್ದೆವು. ಸುತ್ತ ಎಲ್ಲಿ ನೋಡಿದರೂ ಕಪ್ಪು ಟೀ-ಶರ್ಟು, ಬೆವರು, ಸೌತೆಕಾಯಿ ಮಾರುವವನು.

ಮೇಡನ್ ಆ ವರ್ಷ ತಮ್ಮ ಹೊಸ ಆಲ್ಬಮ್ಮಿನ ಹಾಡುಗಳನ್ನು ಬಹಳ ಬಾರಿಸುತ್ತಿದ್ದರು. ಹಿಂದಿನ ವರ್ಷವಂತೂ ಯುರೋಪು ಅಮೆರಿಕಗಳಲ್ಲಿ ಇಡೀ ಹೊಸ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಬಾರಿಸಿ ಎಷ್ಟೋ ಹಳೇ ಅಭಿಮಾನಿಗಳ ಕೋಪಕ್ಕೆ ಗುರಿಯಾಗಿದ್ದರು. ನಾನು ಕ್ಯೂನಲ್ಲಿ ನಿಂತು ಇದನ್ನೇ ಗೊಣಗುತ್ತಿದ್ದೆ. 'ಇಷ್ಟು ವರ್ಷ ಕಾದದ್ದು ಹಳೇ ಹಾಡಿಗೆ, ಇವರು ಹೊಸದು ಹಾಡ್ತಾರಂತೆ.' ಮುಂದೆ ನಿಂತಿದ್ದವರು ತಿರುಗಿದರು. ನಲವತ್ತು ದಾಟಿದವರು, ಆಫೀಸಿನಿಂದ ಸೀದಾ ಬಂದಂತಿದ್ದ ಇಸ್ತ್ರಿ ಪ್ಯಾಂಟು, ಮೇಲೆ ತೊಳೆದು ತೊಳೆದು ಬೂದಿ ಬಣ್ಣಕ್ಕೆ ತಿರುಗಿದ ಮೇಡನ್ ಟೀ-ಶರ್ಟು. 'ಅಲ್ಲಪ್ಪಾ, ಅವರು ಆ ಹಾಡನ್ನ ಇಪ್ಪತ್ತೈದು ವರ್ಷದಿಂದ ಹಾಡ್ತಾ ಇದಾರೆ. ನೀನು ಲೇಟಾಗಿ ಬಂದಿದ್ದಕ್ಕೆ ಅವರೇನು ಮಾಡ್ಬೇಕು?' ಎಂದರು.

ದಾವಣಗೆರೆಯವನು ಈ ಮಾತನ್ನು ನನ್ನ ವಿರುದ್ಧ ಎಷ್ಟು ಸಲ ಬಳಸಿದ್ದಾನೋ ಲೆಕ್ಕವಿಲ್ಲ. ನನಗೆ ಅವತ್ತು ಅವಮಾನವಾಗಿತ್ತು. ಆದರೆ ಈಗ ಅನಿಸುತ್ತದೆ, ಲೇಟಾಗಿ ಬಂದದ್ದು ನಾನೊಬ್ಬನೇ ಅಲ್ಲ, ನಾವೆಲ್ಲ. ನಮ್ಮ ಊರುಗಳಿಗೆ ಈ ಸಂಗೀತ ಬಂದದ್ದೇ ಹಳೆಯದೂ ಹೊಸದೂ ಒಂದೇ ಮೂಟೆಯಲ್ಲಿ. ಬ್ಯಾಂಡು ಬೆಳೆಯುವುದನ್ನು ನಾವು ನೋಡಲಿಲ್ಲ, ಬೆಳೆದು ಮುಗಿದದ್ದರ ಆಲ್ಬಮ್ ತಿರುವಿದೆವು. ಮದುವೆ ಮನೆಗೆ ಊಟ ಮುಗಿಯುವ ಹೊತ್ತಿಗೆ ಹೋಗಿ 'ಹೋಳಿಗೆ ಎಲ್ಲಿ' ಅಂತ ಕೇಳಿದ ಹಾಗೆ. ಅದಕ್ಕೇ ನಮ್ಮಲ್ಲಿ ಹಳೆಯದರ ಮೇಲೆ ಇಷ್ಟು ಜಿದ್ದು ಇರಬೇಕು.

ಎರಡು ಇನ್ ಫ್ಲೇಮ್ಸ್

2010ರಲ್ಲಿ ಸ್ಟ್ರೋಂಬ್ಲಾಡ್ ಬ್ಯಾಂಡು ಬಿಟ್ಟ. ಕುಡಿತದ ಚಟದಿಂದ ಹೊರಬರಬೇಕು ಎಂದು ಅವನೇ ಹೇಳಿಕೊಂಡಿದ್ದ. ಅಲ್ಲಿಗೆ ಬ್ಯಾಂಡು ಕಟ್ಟಿದವರು ಒಬ್ಬರೂ ಒಳಗೆ ಉಳಿಯಲಿಲ್ಲ. ಫ್ರಿದೆನ್ ಸೇರಿದ್ದು 1995ರಲ್ಲಿ. ಗಿಟಾರಿನ ಬ್ಯೋರ್ನ್ ಗೆಲೊಟ್ಟೆಯೂ ಅದೇ ವರ್ಷ ಬಂದವನು, ಅದೂ ಡ್ರಮ್ಸ್ ಬಾರಿಸಲು! 2015ರಲ್ಲಿ ಡ್ರಮ್ಮರ್ ಡ್ಯಾನಿಯೆಲ್ ಸ್ವೆನ್ಸನ್ ಹೋದ. ಮರುವರ್ಷ ಬೇಸಿನ ಪೀಟರ್ ಇವೆರ್ಸ್ ಹೋದ. ಆಗ ನಾನು ಗೆಳೆಯನಿಗೆ ಫೋನು ಮಾಡಿ, 'ಈಗ ಒಪ್ಕೊ, ಇದು ಹೆಸರಿಗೆ ಮಾತ್ರ ಇನ್ ಫ್ಲೇಮ್ಸ್' ಎಂದೆ. ಹೇಳಿದ ಮೇಲೆ ನನಗೇ ನಗು ಬಂತು. ನಮ್ಮ ಮೇಳಗಳಲ್ಲಿ ಪ್ರತಿ ತಿರುಗಾಟಕ್ಕೂ ಕಲಾವಿದರು ಆಚೀಚೆ ಆಗುತ್ತಾರೆ. ಮಳೆಗಾಲ ಪೂರ್ತಿ ಮಾವಂದಿರ ಮಾತುಕತೆಯೇ ಅದು, ಈ ಸಲ ಯಾರು ಯಾವ ಮೇಳಕ್ಕೆ. ಹಾಗಂತ ಸಾಲಿಗ್ರಾಮ ಮೇಳ ಸಾಲಿಗ್ರಾಮ ಮೇಳ ಅಲ್ಲ ಅಂತ ಯಾರೂ ಹೇಳಿದ್ದು ಕೇಳಿಲ್ಲ. ಆದರೆ ಭಾಗವತರು ಬದಲಾದರೆ ಮಾತ್ರ ಆಟಕ್ಕೆ ಹೋಗುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಆಮೇಲೆ ನಡೆದದ್ದು ಅಭಿಮಾನಿಗಳ ಬಾಯಿ ಮುಚ್ಚಿಸಲೆಂದೇ ಯಾರೋ ಏರ್ಪಾಡು ಮಾಡಿದ ಪರೀಕ್ಷೆಯ ಹಾಗಿದೆ. ಸ್ಟ್ರೋಂಬ್ಲಾಡ್, ಸ್ವೆನ್ಸನ್, ಇವೆರ್ಸ್, ಗಿಟಾರಿನ ನಿಕ್ಲಾಸ್ ಎಂಗೆಲಿನ್, ಎಲ್ಲ ಬಿಟ್ಟವರೇ ಒಟ್ಟಾಗಿ ದ ಹ್ಯಾಲೋ ಎಫೆಕ್ಟ್ ಎಂಬ ಬ್ಯಾಂಡು ಕಟ್ಟಿದರು. ಹಾಡಲು ಬಂದವನು ಅದೇ ಊರಿನ ಇನ್ನೊಂದು ಬ್ಯಾಂಡಾದ ಡಾರ್ಕ್ ಟ್ರ್ಯಾಂಕ್ವಿಲಿಟಿಯ ಮಿಕಾಯೆಲ್ ಸ್ಟಾನ್ನೆ. ಇನ್ ಫ್ಲೇಮ್ಸ್‌ನ ಮೊಟ್ಟಮೊದಲ ಆಲ್ಬಮ್ಮಿನಲ್ಲಿ ಹಾಡಿದ್ದೂ ಇವನೇ. ಆಗ ಫ್ರಿದೆನ್ ಡಾರ್ಕ್ ಟ್ರ್ಯಾಂಕ್ವಿಲಿಟಿಯ ಮೊದಲ ಆಲ್ಬಮ್ಮಿನಲ್ಲಿ ಹಾಡಿದ್ದ, ಆಮೇಲೆ ಇಬ್ಬರೂ ಮನೆ ಬದಲಾಯಿಸಿಕೊಂಡರು. ಹ್ಯಾಲೋ ಎಫೆಕ್ಟ್‌ನ ಮೊದಲ ಆಲ್ಬಮ್ 2022ರ ಆಗಸ್ಟಿನಲ್ಲಿ ಬಂತು. ಜೋಡಿ ಗಿಟಾರು, ಜಾನಪದದ ನೆರಳು, ರಾಗವಿಲ್ಲದ ಗ್ರೌಲು. ನಾವು ಇಪ್ಪತ್ತು ವರ್ಷ ಬೇಡಿದ್ದೆಲ್ಲ ಎಲೆಯ ಮೇಲೆ ಬಡಿಸಿಟ್ಟಿದ್ದರು.

ನಾನು ಎರಡು ವಾರ ಹುಚ್ಚು ಹಿಡಿದವನಂತೆ ಕೇಳಿದೆ. ಮೂರನೇ ವಾರ ಗೊತ್ತಿಲ್ಲದೇ ಮತ್ತೆ 'ಕ್ಲೇಮನ್' ಹಾಕಿಕೊಂಡಿದ್ದೆ. ಹ್ಯಾಲೋ ಎಫೆಕ್ಟ್ ಕೆಟ್ಟದ್ದಲ್ಲ, ಒಳ್ಳೆಯ ಬ್ಯಾಂಡು. ಆದರೆ ನನಗೆ ಬೇಕಿದ್ದದ್ದು ಆ ಸೌಂಡ್ ಒಂದೇ ಆಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ. ಇದಕ್ಕೂ ಮುಂಚೆ, 2020ರಲ್ಲಿ, 'ಕ್ಲೇಮನ್'ಗೆ ಇಪ್ಪತ್ತು ತುಂಬಿತೆಂದು ಇನ್ ಫ್ಲೇಮ್ಸ್ ಅದರ ನಾಲ್ಕು ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿ ಬಿಟ್ಟಿತ್ತು. ಅದೇ ಸ್ವರ, ಅದೇ ಮಾತು. ರಾತ್ರಿ ಹಾಸಿಗೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಸದ್ದು ದಪ್ಪವಾಗಿತ್ತು, ದನಿಗೆ ವಯಸ್ಸಾಗಿತ್ತು. ಒಂದು ಹಾಡು ಮುಗಿಸಿ ತೆಗೆದಿಟ್ಟೆ. ಫ್ಯಾನು ಆರಿಸಿದ ರೂಮು, ಬೆವರು, ಆ ಗುಂಯ್ ಸದ್ದು, ಇವು ಯಾವುದೂ ಅದರಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ, ಪಾಪ, ಅವರೇನು ಮಾಡಿಯಾರು?

(ಗೆಳೆಯನ ಊರಿನಲ್ಲಿ ಗೆಲೊಟ್ಟೆ ಮತ್ತು ಇವೆರ್ಸ್ ಸೇರಿ ಶುರು ಮಾಡಿದ 2112 ಎಂಬ ಬರ್ಗರ್ ಹೋಟೆಲಿದೆ. ಇವನು ಅಪ್ಪಟ ಸಸ್ಯಾಹಾರಿ. ಹೋಗಿ ತರಕಾರಿಯದ್ದೇನೋ ತಿಂದು, ತಟ್ಟೆಯ ಫೋಟೊ ನನಗೆ ಕಳಿಸಿದ. ಕೆಳಗೆ ಬರೆದಿದ್ದ: 'ನೋಡು, ಒಬ್ಬ ಬ್ಯಾಂಡು ಬಿಟ್ಟವ, ಒಬ್ಬ ಬಿಡದವ. ಇಬ್ಬರೂ ಸೇರಿ ಈರುಳ್ಳಿ ಬೇಯಿಸ್ಯಾರ. ನೀನು ಮಾತ್ರ ಇನ್ನೂ ಜಗಳ ಆಡ್ತಿ.')

ಮುಂದೆ ಎತ್ತ?

2023ರ ಫೆಬ್ರವರಿಯಲ್ಲಿ 'ಫೋರ್‌ಗಾನ್' ಬಂದಾಗ ಎಲ್ಲ ಕಡೆ ಒಂದೇ ಮಾತು, ಹಳೇ ಇನ್ ಫ್ಲೇಮ್ಸ್ ವಾಪಸ್ ಬಂತು ಎಂದು. ನಿಜ, ಅದರಲ್ಲಿ ಗಿಟಾರುಗಳು ಮತ್ತೆ ಬಾಯಿಬಿಟ್ಟು ಹಾಡುತ್ತವೆ. ಅಮೆರಿಕದ ಮೆಗಾಡೆತ್ ಬ್ಯಾಂಡಿನಲ್ಲಿದ್ದ ಗಿಟಾರಿನ ಕ್ರಿಸ್ ಬ್ರಾಡರಿಕ್ ಬಂದ ಮೇಲೆ ಗೆಲೊಟ್ಟೆಗೆ ಜೋಡಿ ಸಿಕ್ಕಿದಂತಾಗಿದೆ. ಆದರೆ ನನಗೆ ಮಜಾ ಅನಿಸಿದ್ದು ಬೇರೆ. ಈ ಆಲ್ಬಮ್ಮಿನ ಪ್ರೊಡ್ಯೂಸರ್ ಹೋವರ್ಡ್ ಬೆನ್ಸನ್. 2016ರ 'ಬ್ಯಾಟಲ್ಸ್' ಮಾಡಿದವನೂ ಅವನೇ, ನನ್ನ ಗೆಳೆಯ ಕೂಡ ಬಾಯಿ ಸಪ್ಪೆ ಮಾಡುವ ಆಲ್ಬಮ್ಮು. ಏಳು ವರ್ಷ ಎಲ್ಲರೂ ಆ ಮನುಷ್ಯನ ತಲೆಗೆ ಕಟ್ಟಿದ ಪಾಪ ಅವನದ್ದಾಗಿರಲಿಲ್ಲ ಎಂದಾಯಿತು. ಅದೇ ಪಾತ್ರೆ, ಅದೇ ಒಲೆ, ಈ ಸಲ ಸಾರು ಬೇರೆ.

ಮುಂದೇನು ಎಂಬ ಪ್ರಶ್ನೆಗೆ ಅಭಿಮಾನಿಗಳಲ್ಲಿ ಎರಡು ಪಾರ್ಟಿ. 'ಇನ್ನೂ ಹೆವಿ ಆಗಬೇಕು' ಎನ್ನುವವರು ಒಂದು ಕಡೆ, 'ಅವರಿಗೆ ಬೇಕಾದ್ದು ಮಾಡಲಿ' ಎನ್ನುವವರು ಇನ್ನೊಂದು ಕಡೆ. ಎರಡೂ ನನಗೆ ಹಿಡಿಸುವುದಿಲ್ಲ. ಐವತ್ತು ದಾಟಿದ ಫ್ರಿದೆನ್‌ನ ಗಂಟಲಿನಿಂದ 1996ರ ಕೂಗು ಕೇಳುವುದು ನ್ಯಾಯವಲ್ಲ. ಕೂಗು ಜಾಸ್ತಿಯಾದರೆ ರಾಗ ತಾನಾಗಿ ಗಿಟಾರಿಗೆ ಬರುತ್ತದೆ ಎಂಬ ಲೆಕ್ಕವೂ ತಪ್ಪು. ಹಾಗಂತ ಬೇಕಾದ್ದು ಮಾಡಲಿ ಎಂದು ಕೈತೊಳೆದುಕೊಂಡರೆ ಅಭಿಮಾನಿ ಆಗಿ ಏನು ಬಂತು? ದೊಡ್ಡಮಾವ ಆಕ್ಷೇಪ ಮಾಡುತ್ತಲೇ ನಾವಡರ ಒಂದು ಆಟವನ್ನೂ ತಪ್ಪಿಸಲಿಲ್ಲ. ಚಿಕ್ಕಮಾವ ಈಗ ಇಂದಿನ ಭಾಗವತರನ್ನು ಕೇಳಿ, ಪದ್ಯ ಎಳೆಯುತ್ತಾರೆ, ಶಿಳ್ಳೆಗೆ ಹಾಡುತ್ತಾರೆ ಎನ್ನುತ್ತಾರೆ. ತಮ್ಮ ಅಣ್ಣ ಹೇಳಿದ್ದೇ ಶಬ್ದಕ್ಕೆ ಶಬ್ದ. ನಾನು ಅದನ್ನು ಎತ್ತಿ ಆಡಿದರೆ, 'ಅದ್ ಬೇರೆ, ಇದ್ ಬೇರೆ' ಎಂದು ಎದ್ದು ಹೋಗುತ್ತಾರೆ. ನನ್ನ ಆಸೆ ಸಣ್ಣದು. ಅವರು ಎಷ್ಟು ಬೇಕಾದರೂ ಹಾಡಲಿ, ಎಷ್ಟು ಕೀಬೋರ್ಡು ಬೇಕಾದರೂ ತರಲಿ. ಹಾಡಿನಲ್ಲಿ ಎಲ್ಲಾದರೂ ಒಂದು ಕಡೆ ಎತ್ತುಗಡೆ ಆ ತಂತಿಯವನಿಗೆ ಬಿಡಲಿ.

ಹೋದ ತಿಂಗಳು ದಾವಣಗೆರೆಯವನು ರಜೆಗೆ ಬಂದಿದ್ದ. ಅವನನ್ನು ಊರಿಗೆ ಬಿಡಲು ನನ್ನ ಕಾರಿನಲ್ಲೇ ಹೊರಟೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಶಿರಾ ದಾಟಿ, ಹಿರಿಯೂರಿನ ಹತ್ತಿರ ಬರುವ ಹೊತ್ತಿಗೆ ನಾನು ಹಾಕಿದ್ದ 'ಹೋರಕಲ್' ಮುಗಿಯಿತು. 'ಈಗ ನಂದು' ಎಂದು ಅವನು ಫೋನು ಕಿತ್ತುಕೊಂಡ. ಸ್ಪೀಕರಿನಲ್ಲಿ ಬಂದದ್ದು 'ಸೈರನ್ ಚಾರ್ಮ್ಸ್'. ನಾನು ಹತ್ತು ವರ್ಷದ ಹಿಂದೆ ಅರ್ಧ ಕೇಳಿ ಬಿಟ್ಟದ್ದು. ಆಮೇಲೆ ಅದರ ಬಗ್ಗೆ ಪೂರ್ತಿ ಕೇಳಿದವನ ಹಾಗೆ ವಾದ ಮಾಡಿದ್ದು.

'ಹೋಗಲೇ, ಇದನ್ನ ಯಾರ್ ಕೇಳ್ತಾರೆ' ಎಂದು ಅವನ ಭಾಷೆಯಲ್ಲೇ ಬೈದೆ. 'ಸುಮ್ಕೆ ಗಾಡಿ ಓಡ್ಸು' ಎಂದ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಲು ಶುರುವಾದವು. ಒಂದಷ್ಟು ಹಾಡು ಹೀಗೇ ಕಳೆದವು, ಪಲ್ಲವಿ, ಕೀಬೋರ್ಡು, ಪಲ್ಲವಿ. ಆಮೇಲೆ 'ರಸ್ಟೆಡ್ ನೇಲ್' ಎಂಬ ಹಾಡು ಬಂತು. ಅದರಲ್ಲಿ ಒಂದು ಕಡೆ ಗಿಟಾರು ಒಂದು ಧಾಟಿ ಎತ್ತುತ್ತದೆ. ದೊಡ್ಡದೇನಲ್ಲ, ಕೆಲವೇ ಸೆಕೆಂಡು. ಎಡಗಡೆ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿ ಇತ್ತು, ಅದನ್ನು ದಾಟಿಸುವ ಗಡಿಬಿಡಿಯಲ್ಲಿ ಅರ್ಧ ತಪ್ಪಿಹೋಯಿತು.

'ಅದನ್ನ ಸ್ವಲ್ಪ ಹಿಂದಕ್ಕೆ ಹಾಕು' ಎಂದೆ.

'ಏನು? ಕೇಳಿಸ್ಲಿಲ್ಲ.'

'ಹಿಂದಕ್ಕೆ ಹಾಕು ಮಾರಾಯ.'

'ಯಾವ ವರ್ಷದ ಆಲ್ಬಮ್ ಅಂತ ಹೇಳು, ಹಾಕ್ತೀನಿ' ಎಂದು ಫೋನನ್ನು ಕಿಟಕಿಯ ಕಡೆ ಹಿಡಿದುಕೊಂಡು ನಗುತ್ತಾ ಕೂತ.